ಅಂಧರ ಸಂಘಕ್ಕೆ ಸೇರಿದರೆ ಉಳಿದವರಿಂದ ದೂರವಾದಂತಲ್ಲವೇ?

ದೃಷ್ಟಿ ಕ್ರಮೇಣ ಕ್ಷೀಣಿಸುತ್ತಿರುವ ನಿಮ್ಮ ತಮ್ಮನನ್ನು ಅಂಧರ ಸಂಘವೊಂದಕ್ಕೆ ಸೇರಿಸಬೇಕೆಂದಿದ್ದೀರಿ, ಆದರೆ ಹಾಗೆ ಮಾಡಿದರೆ ಅವರು ಕಾಣುವವರ ಲೋಕದಿಂದ ದೂರವಾಗಿಬಿಡುವರೋ ಎಂದು ಕೇಳಿದ್ದೀರಿ. ಈ ಅಳುಕು ನನಗೂ ಇತ್ತು. ಇಪ್ಪತ್ತಾರನೆಯ ವಯಸ್ಸಿನಲ್ಲಿ ನನ್ನ ದೃಷ್ಟಿ ಪೂರ್ತಿಯಾಗಿ ಹೋಯಿತು. ಆನಂತರ ಎರಡು ವರ್ಷ ನಾನು ಬೇರೆ ಯಾವ ಅಂಧರನ್ನೂ ಭೇಟಿಯಾಗಲಿಲ್ಲ. ಭೇಟಿಯಾದರೆ ನಾನೂ ಅವರಲ್ಲೊಬ್ಬನೆಂದು ಒಪ್ಪಿಕೊಂಡಂತಾಗುತ್ತದೆ ಎಂಬ ಹಟವೇ ಅದಕ್ಕೆ ಕಾರಣ.

ಮನೆಯವರು ಪ್ರೀತಿಯಿಂದ ಎಲ್ಲವನ್ನೂ ಮಾಡಿಕೊಡುತ್ತಿದ್ದರು, ವೈದ್ಯರು ಕಣ್ಣಿನ ಬಗ್ಗೆ ಹೇಳಬೇಕಾದುದನ್ನೆಲ್ಲ ಹೇಳಿದ್ದರು. ಆದರೆ ಒಂದೇ ಆಕಾರದ ಎರಡು ಔಷಧದ ಸೀಸೆಗಳಲ್ಲಿ ಒಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಟ್ಟರೆ ಗುರುತು ಸಿಗುತ್ತದೆ, ಲೋಟ ತುಂಬುತ್ತಾ ಬಂದಂತೆ ನೀರಿನ ಸದ್ದು ಬದಲಾಗುತ್ತದೆ, ದಾರಿ ತೋರಿಸಲು ಬಂದವರು ನಮ್ಮ ತೋಳು ಹಿಡಿದೆಳೆಯುವುದಕ್ಕಿಂತ ನಾವೇ ಅವರ ಮೊಣಕೈಯನ್ನು ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುವುದು ಕ್ಷೇಮ ಎಂಬಂಥ ಸಂಗತಿಗಳು ಅವರಾರಿಗೂ ತಿಳಿದಿರಲಿಲ್ಲ. ಇವನ್ನು ನನಗೆ ಕಲಿಸಿದವರು ಮುಂದೆ ನಾನು ಸೇರಿದ ಅಂಧರ ಸಂಘದಲ್ಲಿದ್ದ, ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಒಬ್ಬ ಹಿರಿಯರು. ಅವರ ಫೋನಿನ ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶ) ಎಷ್ಟು ವೇಗವಾಗಿ ಓದುತ್ತಿತ್ತೆಂದರೆ ನನಗೆ ಒಂದು ಪದವೂ ಅರ್ಥವಾಗಲಿಲ್ಲ; ಅವರೋ ಅದನ್ನು ಕೇಳುತ್ತಲೇ ನನ್ನೊಡನೆ ಮಾತನಾಡುತ್ತಿದ್ದರು. (ಹಲವು ತಿಂಗಳ ಅಭ್ಯಾಸದ ಬಳಿಕ ನಾನು ಆ ವೇಗದ ಸಮೀಪಕ್ಕೆ ಬಂದೆನೇ ಹೊರತು ಅವರನ್ನು ಮೀರಿಸಲು ಇಂದಿಗೂ ಆಗಿಲ್ಲ.) ಸಂಘದ ಸಭೆ ತಿಂಗಳಿಗೊಮ್ಮೆ ಮಾತ್ರ ನಡೆಯುತ್ತದೆ, ಉಳಿದ ದಿನಗಳನ್ನೆಲ್ಲ ನಾನು ಕಾಣುವವರ ನಡುವೆಯೇ ಕಳೆಯುತ್ತೇನೆ, ಮತ್ತು ಅಲ್ಲಿ ಕಲಿತದ್ದರಿಂದಲೇ ಈ ದಿನಗಳಲ್ಲಿ ಒಬ್ಬನೇ ಹೊರಗೆ ಹೋಗಿಬರಬಲ್ಲವನಾಗಿದ್ದೇನೆ.

ಸಂಘವನ್ನು ಆರಿಸುವಾಗ ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಿ. ಅಂಧರಿಗಾಗಿ ಇತರರು ನಡೆಸುವ ಸಂಸ್ಥೆ ಬೇರೆ, ಅಂಧರೇ ಕಟ್ಟಿ ನಡೆಸುವ ಸಂಘ ಬೇರೆ. ಮೊದಲನೆಯದರಲ್ಲಿ ತರಬೇತಿ, ಉಪಕರಣಗಳು ದೊರೆಯಬಹುದು, ಅವು ಬೇಕೂ ಹೌದು; ಆದರೆ ನಮಗೆ ಏನು ಬೇಕೆಂದು ನಾವೇ ತೀರ್ಮಾನಿಸುವ ಅಧಿಕಾರ ಇರುವುದು ಎರಡನೆಯದರಲ್ಲಿ. ಈ ಭೇದ ಹಳೆಯದು. ಬ್ರಿಟನ್ನಿನ ಅಂಧ ಕಾರ್ಮಿಕರು 1890ರ ದಶಕದಲ್ಲಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು. 1920ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್, ಲೀಡ್ಸ್ ಮತ್ತು ನ್ಯೂಪೋರ್ಟ್‌ಗಳಿಂದ ಹೊರಟ ಅದರ ಸದಸ್ಯರು, ತಮಗೆ ಬೇಕಾದದ್ದು ದಾನವಲ್ಲ ನ್ಯಾಯ ಎಂದು ಬರೆದ ಫಲಕ ಹಿಡಿದು ಲಂಡನ್ನಿನವರೆಗೆ ನಡೆದೇ ಹೋದರು. ಅದೇ ವರ್ಷ ಬಂದ ಕಾಯ್ದೆಯಿಂದ ಅಂಧರು ಪಿಂಚಣಿ ಪಡೆಯುವ ವಯಸ್ಸು 70ರಿಂದ 50ಕ್ಕೆ ಇಳಿಯಿತು. ಅಮೆರಿಕದಲ್ಲಿ 1940ರಲ್ಲಿ ನ್ಯಾಷನಲ್ ಫೆಡರೇಷನ್ ಆಫ್ ದ ಬ್ಲೈಂಡ್ ಅನ್ನು ಸ್ಥಾಪಿಸಿದ ಜೇಕೋಬಸ್ ಟೆನ್‌ಬ್ರೋಕ್ ಅವರೂ ಸ್ವತಃ ಅಂಧರು, ಕಾನೂನಿನ ವಿದ್ವಾಂಸರು.

ಒಬ್ಬರಿಗೇ ಆಗುವ ತೊಂದರೆಯನ್ನು ನಮ್ಮದೇ ಅಜಾಗರೂಕತೆ ಎಂದು ನುಂಗಿಕೊಳ್ಳುತ್ತೇವೆ. ನಾಲ್ಕು ಜನ ಅದನ್ನೇ ಹೇಳಿದಾಗ ಅದು ಬೇಡಿಕೆಯಾಗುತ್ತದೆ. ವಿದ್ಯುತ್ ಕಾರುಗಳು ನಿಧಾನವಾಗಿ ಚಲಿಸುವಾಗ ಸದ್ದೇ ಮಾಡುವುದಿಲ್ಲವಾದ್ದರಿಂದ, ಕಿವಿಯನ್ನೇ ನಂಬಿ ರಸ್ತೆ ದಾಟುವ ನಮಗೆ ಅವು ಬಂದದ್ದೇ ತಿಳಿಯುತ್ತಿರಲಿಲ್ಲ. ಅಂಧರ ಸಂಘಟನೆಗಳು ಬೆನ್ನುಬಿದ್ದು ವಾದಿಸಿದ ಫಲವಾಗಿ 2011ರ ಜನವರಿಯಲ್ಲಿ ಅಮೆರಿಕದಲ್ಲಿ ಇದಕ್ಕೆಂದೇ ಕಾನೂನು ಬಂತು. ಐರೋಪ್ಯ ಒಕ್ಕೂಟದಲ್ಲಿ 2021ರ ಜುಲೈನಿಂದ ಮಾರಾಟವಾಗುವ ಎಲ್ಲ ಹೊಸ ವಿದ್ಯುತ್ ಕಾರುಗಳೂ ಗಂಟೆಗೆ 20 ಕಿ.ಮೀ. ವೇಗದವರೆಗೆ ಕೃತಕ ಶಬ್ದ ಹೊರಡಿಸಲೇಬೇಕು. ಪುಸ್ತಕಗಳ ವಿಷಯವೂ ಹೀಗೆಯೇ. ಒಂದು ದೇಶದಲ್ಲಿ ಸಿದ್ಧವಾದ ಬ್ರೈಲ್ ಅಥವಾ ಧ್ವನಿ ಪ್ರತಿಯನ್ನು ಇನ್ನೊಂದು ದೇಶದ ಅಂಧ ಓದುಗರಿಗೆ ಕಳುಹಿಸಲು ಹಕ್ಕುಸ್ವಾಮ್ಯದ ಕಾನೂನುಗಳು ಅಡ್ಡಿಯಾಗಿದ್ದವು. ವಿಶ್ವ ಅಂಧರ ಒಕ್ಕೂಟ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, ಆ ಅಡ್ಡಿಯನ್ನು ಸಡಿಲಿಸುವ ಮರಾಕೇಶ್ ಒಪ್ಪಂದ 2013ರಲ್ಲಿ ಅಂಗೀಕಾರವಾಗಿ 2016ರಲ್ಲಿ ಜಾರಿಗೆ ಬಂತು.

ಸಂಘವೆಂದರೆ ಎಲ್ಲರೂ ಒಂದೇ ಮಾತನಾಡುವ ಜಾಗವೆಂದು ನಿಮ್ಮ ತಮ್ಮ ಭಾವಿಸದಿರಲಿ. ನಾವು ಧಾರಾಳವಾಗಿ ಜಗಳವಾಡುತ್ತೇವೆ. ರಸ್ತೆ ದಾಟುವ ಜಾಗಗಳಲ್ಲಿ ಸದ್ದು ಮಾಡುವ ಸಿಗ್ನಲ್‌ಗಳನ್ನು ಹಾಕುವ ವಿಚಾರದಲ್ಲಿ ಅಮೆರಿಕದ ಎರಡು ದೊಡ್ಡ ಅಂಧರ ಸಂಘಟನೆಗಳೇ ಎದುರುಬದುರಾಗಿ ನಿಂತಿದ್ದವು: ಆ ಸದ್ದು ವಾಹನಗಳ ಸದ್ದನ್ನು ಮುಚ್ಚಿಹಾಕುತ್ತದೆ, ಅಂಧರು ಅಸಹಾಯಕರೆಂಬ ಭಾವನೆಯನ್ನು ಬೆಳೆಸುತ್ತದೆ ಎಂದು ಒಂದು ಪಕ್ಷ, ಸಂಕೀರ್ಣವಾದ ಕೂಡುರಸ್ತೆಗಳಲ್ಲಿ ಅದಿಲ್ಲದೆ ದಾಟಲಾಗದೆಂದು ಇನ್ನೊಂದು. ನಾನು ಎರಡನೆಯವರ ಕಡೆಯವನು. ನನಗೆ ಕಲಿಸಿದ ಆ ಹಿರಿಯರು ಮೊದಲನೆಯವರ ಕಡೆ, ಈ ವಾದ ಇನ್ನೂ ಮುಗಿದಿಲ್ಲ.

ಆದ್ದರಿಂದ ಸೇರಿಸಿ ಎಂದು ನಾನು ಹೇಳುವುದಿಲ್ಲ; ಸೇರುವವರು ಅವರು. ಆಡಳಿತ ಮಂಡಳಿಯಲ್ಲಿ ಎಷ್ಟು ಮಂದಿ ಅಂಧರಿದ್ದಾರೆಂದು ಮೊದಲೇ ವಿಚಾರಿಸಿಕೊಳ್ಳಲಿ, ಮೊದಲ ಸಭೆ ಬೇಸರ ತಂದರೂ ಎರಡು ಮೂರು ಬಾರಿ ಹೋಗಿ ನೋಡಲಿ. ದೃಷ್ಟಿ ಸ್ವಲ್ಪ ಉಳಿದಿರುವಾಗಲೇ ಹೋದರೆ ಬಿಳಿ ಕೋಲನ್ನು ಬಳಸುವುದನ್ನು ಅವಸರವಿಲ್ಲದೆ ಕಲಿಯಬಹುದು. ನೀವು ಜೊತೆಗೆ ಹೋಗುವುದಾದರೆ, ಅವರನ್ನು ಕೇಳಿದ ಪ್ರಶ್ನೆಗಳಿಗೆ ದಯವಿಟ್ಟು ನೀವು ಉತ್ತರಿಸಬೇಡಿ.