ಇಯಾಗೊನನ್ನು ಎಲ್ಲರೂ ನಂಬಿದ್ದೇಕೆ?

ಪ್ರಶ್ನೆ: ನಮ್ಮ ಹವ್ಯಾಸಿ ತಂಡ ಷೇಕ್ಸ್‌ಪಿಯರನ 'ಒಥೆಲೊ' ನಾಟಕದ ತಾಲೀಮು ನಡೆಸುತ್ತಿದೆ. ಇಯಾಗೊನ ಪಾತ್ರಧಾರಿಯು ಮೊದಲ ಪ್ರವೇಶದಿಂದಲೇ ಯಕ್ಷಗಾನದ ಶಕುನಿಯಂತೆ ಓರೆನೋಟ ಬೀರಿ ನಗುತ್ತಾರೆ. ತಾಲೀಮು ನೋಡಿದ ಹಿರಿಯರೊಬ್ಬರು, "ಇಂಥವನನ್ನು ನಂಬಿದ ಒಥೆಲೊ ದಡ್ಡನಲ್ಲವೇ?" ಎಂದು ಕೇಳಿದರು. ಏನೆಂದು ಉತ್ತರಿಸಬೇಕು?
– ಓದುಗರೊಬ್ಬರು, ಶಿರಸಿ

ಉತ್ತರ: ಹಿರಿಯರು ಮುಟ್ಟಿರುವುದು ನಾಟಕದ ಮರ್ಮಸ್ಥಾನವನ್ನೇ. ಸೇನಾಪತಿ ಒಥೆಲೊನ ಕೈಕೆಳಗಿನವನಾದ ಇಯಾಗೊ, ಒಥೆಲೊನ ಹೆಂಡತಿ ಡೆಸ್ಡೆಮೋನಾಗೂ ಉಪಸೇನಾಪತಿ ಕ್ಯಾಸಿಯೊನಿಗೂ ಗುಟ್ಟಿನ ಸಂಬಂಧವಿದೆಯೆಂದು ಒಥೆಲೊನನ್ನು ನಂಬಿಸಿ, ಅವನು ಅವಳನ್ನು ಕೊಲ್ಲುವಂತೆ ಮಾಡುತ್ತಾನೆ. ಒಥೆಲೊ ದಡ್ಡನಾಗಿ ಕಂಡರೆ ಅಲ್ಲಿ ದುರಂತವೇ ಉಳಿಯುವುದಿಲ್ಲ. ಇಯಾಗೊನನ್ನು ನಂಬಿದವನು ಅವನೊಬ್ಬನೇ ಅಲ್ಲವೆಂಬುದನ್ನು ನಿಮ್ಮ ತಂಡ ಗಮನಿಸಬೇಕು. ಹುದ್ದೆ ಕಳೆದುಕೊಂಡ ರಾತ್ರಿ ಕ್ಯಾಸಿಯೊ ಸಲಹೆ ಪಡೆಯುವುದು ಅವನಿಂದಲೇ. ಗಂಡನ ಬಾಯಲ್ಲಿ ಕೇಳಬಾರದ ಮಾತು ಕೇಳಿದ ಡೆಸ್ಡೆಮೋನಾ ಮಂಡಿಯೂರಿ ದಾರಿ ಕೇಳುವುದೂ ಅವನ ಎದುರಿಗೇ. ಜೊತೆಗೆ ಬಾಳಿದ ಹೆಂಡತಿ ಎಮಿಲಿಯಾಗೂ ಸಂಚಿನ ಪೂರ್ಣ ರೂಪ ತಿಳಿಯುವುದು ಕೊನೆಯ ಅಂಕದಲ್ಲಿ. ಅವನ ಒಳಗನ್ನು ಪೂರ್ತಿಯಾಗಿ ಬಲ್ಲವರು ಸ್ವಗತ ಕೇಳುವ ಪ್ರೇಕ್ಷಕರು ಮಾತ್ರ.

ಆದ್ದರಿಂದ ಶಕುನಿಯ ಮಾದರಿ ಇಲ್ಲಿ ಒಗ್ಗದು. ಶಕುನಿ ಕೌರವರ ಪಕ್ಷದವನೆಂದು ದ್ಯೂತಸಭೆಗೆಲ್ಲ ಗೊತ್ತು. ಇಯಾಗೊನಿಗೆ ಹತ್ತಿರದವಳು ಮಂಥರೆ. ತವರಿನಿಂದ ಬಂದ, ಹಿತ ಬಯಸುವ ದಾಸಿ ಎಂದೇ ಕೈಕೇಯಿ ಅವಳ ಮಾತಿಗೆ ಕಿವಿಗೊಡುತ್ತಾಳೆ. ಆದರೆ ಮಂಥರೆ ತನ್ನ ಮಾತನ್ನು ತಾನೇ ನಂಬಿರಬಹುದು, ಇಯಾಗೊ ನಂಬಿಲ್ಲ. ಈ ವ್ಯತ್ಯಾಸ ನನಗೆ ಬಹಳ ದೊಡ್ಡದೆನಿಸುತ್ತದೆ.

ಮೂರನೆಯ ಅಂಕದ ಮೂರನೆಯ ದೃಶ್ಯವನ್ನು ನಿಧಾನವಾಗಿ ಓದಿರಿ. ಕ್ಯಾಸಿಯೊ ಡೆಸ್ಡೆಮೋನಳ ಬಳಿಯಿಂದ ಸರಿದುಹೋದಾಗ ಇಯಾಗೊ ತನಗಿದು ಹಿಡಿಸಲಿಲ್ಲವೆಂದು ಗೊಣಗುತ್ತಾನೆ. ಏನೆಂದು ಕೇಳಿದರೆ ಏನೂ ಇಲ್ಲವೆನ್ನುತ್ತಾನೆ. ಬಳಿಕ ಒಥೆಲೊ ಆಡಿದ ಮಾತನ್ನೇ ಪ್ರಶ್ನೆಯಾಗಿ ಹಿಂದಿರುಗಿಸುತ್ತಾನೆ. ಕ್ಯಾಸಿಯೊನನ್ನು ಕುರಿತು ಒಥೆಲೊ "ಅವನು ಪ್ರಾಮಾಣಿಕನಲ್ಲವೇ?" ಎಂದರೆ "ಪ್ರಾಮಾಣಿಕನೇ, ಪ್ರಭು?" ಎಂಬುದಷ್ಟೇ ಉತ್ತರ. ಆರೋಪವನ್ನು ಅವನು ಹೊರಿಸುವುದಿಲ್ಲ, ಹೇಳಲಾರದೆ ತಡೆದುಕೊಂಡವನಂತೆ ನಿಲ್ಲುತ್ತಾನೆ. ಉಳಿದದ್ದನ್ನು ಒಥೆಲೊನ ಮನಸ್ಸೇ ಕಲ್ಪಿಸಿಕೊಳ್ಳುತ್ತದೆ. ಮತ್ಸರದ ವಿಷಯದಲ್ಲಿ ಎಚ್ಚರವಿರಲೆಂದು ಬುದ್ಧಿ ಹೇಳುವವನೂ ಅವನೇ! ಡೆಸ್ಡೆಮೋನಳ ಕೈಯಿಂದ ಬಿದ್ದು ಎಮಿಲಿಯಾ ಎತ್ತಿಕೊಟ್ಟ ಕರವಸ್ತ್ರವನ್ನು ಕ್ಯಾಸಿಯೊನ ಬಿಡಾರದಲ್ಲಿ ಹಾಕುವ ಹೊತ್ತಿಗೆ ಒಥೆಲೊನಲ್ಲಿ ಅನುಮಾನ ಆಗಲೇ ಬೇರೂರಿರುತ್ತದೆ. ತಾಳಮದ್ದಳೆಯಲ್ಲಿ ಪಳಗಿದ ನಮ್ಮ ಸೀಮೆಯ ಕಲಾವಿದರಿಗೆ ಈ ಸಂಯಮ ಕಷ್ಟವಾಗಬಹುದು, ಏಕೆಂದರೆ ಅಲ್ಲಿ ಅರ್ಥಧಾರಿ ಗೆಲ್ಲುವುದು ವಾದ ಬೆಳೆಸಿ; ಇಲ್ಲಿ ಗೆಲುವಿರುವುದು ಅರ್ಧಕ್ಕೆ ನಿಲ್ಲಿಸಿದ ಮಾತಿನಲ್ಲಿ.

ಇಷ್ಟೆಲ್ಲ ಏಕೆ ಮಾಡಿದ ಎಂಬುದಕ್ಕೆ ಅವನೇ ಕೊಡುವ ಕಾರಣಗಳು, ಅಂದರೆ ತಪ್ಪಿದ ಬಡ್ತಿ ಮತ್ತು ಹೆಂಡತಿಯ ಮೇಲಿನ ಶಂಕೆ, ನಡೆದ ಅನಾಹುತಕ್ಕೆ ಸಾಲುವುದಿಲ್ಲ. 1565ರಲ್ಲಿ ಪ್ರಕಟವಾದ, ಇಟಲಿಯ ಲೇಖಕ ಸಿಂಥಿಯೊನ ಮೂಲಕಥೆಯಲ್ಲಿ ಖಳನಿಗೆ ನಾಯಕಿಯ ಮೇಲಿದ್ದ ವಿಫಲ ಮೋಹವೇ ಕಾರಣವಾಗಿತ್ತು. ಷೇಕ್ಸ್‌ಪಿಯರ್ ಅದನ್ನು ಬಹುಮಟ್ಟಿಗೆ ಬದಿಗಿಟ್ಟ. ಸಿಕ್ಕಿಬಿದ್ದ ಮೇಲೂ ಇಯಾಗೊ ಇನ್ನು ಮಾತನಾಡುವುದಿಲ್ಲವೆಂದು ಬಾಯಿ ಮುಚ್ಚುತ್ತಾನೆ.

ನಿಮ್ಮ ಪಾತ್ರಧಾರಿ ಆ ನಗೆಯನ್ನೂ ಓರೆನೋಟವನ್ನೂ ಬಿಡಲಿ. ಇತರರ ಎದುರಿಗೆ ಅವರು ಸೇನೆಯಲ್ಲಿ ಸವೆದ, ಸಂಕೋಚದ ಗೆಳೆಯನಾಗಿಯೇ ಇರಲಿ. ಸ್ವಗತಗಳನ್ನು ನೇರವಾಗಿ ಪ್ರೇಕ್ಷಕರತ್ತ ನೋಡಿ ಹೇಳಲಿ. ಮೊದಲಿಗೆ ಆ ಮೂರನೆಯ ದೃಶ್ಯವೊಂದನ್ನೇ ಹೀಗೆ ತಾಲೀಮು ಮಾಡಿ, ಅದೇ ಹಿರಿಯರನ್ನು ಮತ್ತೆ ಕರೆದು ತೋರಿಸಿರಿ.