ಕಾರು ಅಪ್ಪನ ಹೆಸರಲ್ಲಿ, ಆಸೆ ಮಗನದು

ಇದು ನನ್ನ ಹತ್ತಿರ ಸಲಹೆಗೆ ಬಂದ ಇಪ್ಪತ್ತು ವರ್ಷದ ಒಬ್ಬ ಹುಡುಗನ ಪ್ರಕರಣ. ಹೆಸರು, ಊರು, ಕಾಲೇಜು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ. "ನಮ್ಮಂಥ ಮನೆಗಳು ಬೇಕಾದಷ್ಟಿವೆ, ಬರೀರಿ" ಎಂದವರು ಹುಡುಗನ ಅಮ್ಮನೇ.

ಹುಡುಗ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದ. ಡಿಎಲ್ ಕೈಗೆ ಬಂದು ಇನ್ನೂ ಎರಡು ತಿಂಗಳು. ಅಪ್ಪ ಹೊಸ ಕಾರು ತಗೊಂಡಾಗ ಹಳೆಯದನ್ನು ಮಾರದೆ ಇವನಿಗೆ ಬಿಟ್ಟಿದ್ದರು. 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಕಡಿಮೆ ಬೆಲೆಯ ಮಾದರಿ. ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇಲ್ಲ. ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಮತ್ತು ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಗಿದ್ದು 2019ರಲ್ಲಿ. ಅದಕ್ಕಿಂತ ಹಳೆಯ ಕಾರುಗಳೇ ಇಂದು ಎಷ್ಟೋ ಮಕ್ಕಳ ಕೈಗೆ ಮೊದಲ ಕಾರಾಗಿ ಬರುತ್ತಿವೆ. ಈ ಮಾತು ನನಗೆ ಮುಖ್ಯ ಅನಿಸುತ್ತದೆ. ಮನೆಯಲ್ಲಿ ಅತಿ ಕಡಿಮೆ ಅನುಭವ ಇರುವವರಿಗೆ ಅತಿ ಕಡಿಮೆ ರಕ್ಷಣೆ ಇರುವ ಕಾರು ಸಿಗುತ್ತದೆ. ಅದರ ಮೇಲೆ ಮಾಡಿಫಿಕೇಶನ್, ಅಂದರೆ ಕಂಪನಿ ಮಾಡಿದ ಕಾರನ್ನು ತಮಗೆ ಬೇಕಾದ ಹಾಗೆ ಬದಲಿಸುವುದು.

ಜಗಳ ಶುರುವಾಗಿದ್ದು ಮಂಚದ ಕೆಳಗೆ ಸಿಕ್ಕ ಒಂದು ಪಾರ್ಸೆಲ್‌ನಿಂದ. ಕಾರನ್ನು ನೆಲಕ್ಕೆ ಇಳಿಸುವ ಲೋವರಿಂಗ್ ಸ್ಪ್ರಿಂಗ್‌ಗಳು. ಅಪ್ಪ ಕೀ ಕಿತ್ತುಕೊಂಡು ಬೀರುವಿನಲ್ಲಿ ಇಟ್ಟರು. ಮಗ ಅಪ್ಪನ ಜೊತೆ ಮಾತು ಬಿಟ್ಟ, ಒಟ್ಟಿಗೆ ಊಟಕ್ಕೆ ಕೂರುವುದನ್ನೂ ಬಿಟ್ಟ. ಆಮೇಲೆ ಅಮ್ಮ ನನಗೆ ಫೋನ್ ಮಾಡಿದ್ದು.

ಹುಡುಗನನ್ನು ಒಬ್ಬನೇ ಕೂರಿಸಿಕೊಂಡು ಮಾತಾಡಿದೆ. ಮೊದಮೊದಲು ಹೂಂ, ಊಹೂಂ ಅಷ್ಟೇ. ಕಾರಿಗೆ ಏನೇನು ಮಾಡಿಸಬೇಕು ಅಂತಿದ್ದೀಯ, ತೋರಿಸು ಎಂದಾಗ ಮೊಬೈಲ್ ತೆಗೆದ. ಪಟ್ಟಿ ಉದ್ದ ಇತ್ತು. 16 ಇಂಚಿನ ಅಲಾಯ್ ವೀಲ್, ಆ ಸ್ಪ್ರಿಂಗ್‌ಗಳು, ಜೋರು ಸದ್ದಿನ ಎಕ್ಸಾಸ್ಟ್ (ಹೊಗೆ ಕೊಳವೆ), 100/90 ವ್ಯಾಟ್ ಹೆಡ್‌ಲೈಟ್ ಬಲ್ಬ್, ಕಪ್ಪು ಫಿಲ್ಮ್, ದೊಡ್ಡ ಪರದೆಯ ಸ್ಟೀರಿಯೊ. ಕಾರಿನ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಒಂದೊಂದರ ಬೆಲೆ ವಿಚಾರಿಸಿಕೊಂಡು ಬಂದಿದ್ದ. ದುಡ್ಡು ಅಪ್ಪನದಲ್ಲ. ಶನಿವಾರ, ಭಾನುವಾರ ಮದುವೆ ಮನೆಗಳಲ್ಲಿ ಕೇಟರಿಂಗ್ ಕೆಲಸ ಮಾಡಿ ಕೂಡಿಟ್ಟಿದ್ದು. ಈ ಹುಡುಗ ಸೋಮಾರಿಯಲ್ಲ, ಪುಂಡನೂ ಅಲ್ಲ. ಅಪ್ಪನಿಗೆ ನಾನು ಮೊದಲು ಹೇಳಿದ್ದೇ ಇದನ್ನು.

"ಈ ಪಟ್ಟಿಯಲ್ಲಿ ಒಂದೇ ಒಂದು ಸಿಗುತ್ತದೆ ಅಂದ್ರೆ ಯಾವುದು ಬೇಕು?" ಎಂದು ಕೇಳಿದೆ. ತುಂಬಾ ಹೊತ್ತು ಯೋಚಿಸಿದ. ಆಮೇಲೆ ಪಟ್ಟಿಯಲ್ಲೇ ಇಲ್ಲದ ಮಾತು ಬಂತು. "ಕಾಲೇಜಲ್ಲಿ ಎಲ್ರೂ ಅಂಕಲ್ ಕಾರು ಅಂತಾರೆ ಮೇಡಂ. ನಾನು ಪಾರ್ಕಿಂಗಿಗೆ ಬಂದ್ರೆ ಅಂಕಲ್ ಬಂದ್ರು ಅಂತಾರೆ."

ಅವನಿಗೆ ನೋವಾಗಿದ್ದು ಅಲ್ಲಿ. ಇದನ್ನು ಸಣ್ಣ ವಿಷಯ ಎಂದು ತಳ್ಳಿಹಾಕುವ ದೊಡ್ಡವರು ತಮ್ಮ ಇಪ್ಪತ್ತನೇ ವಯಸ್ಸನ್ನು ಮರೆತಿರುತ್ತಾರೆ. ಆ ವಯಸ್ಸಿನಲ್ಲಿ ಗೆಳೆಯರ ಕಣ್ಣಿನಲ್ಲಿ ತಾನು ಯಾರು ಎನ್ನುವುದು ಅನ್ನದಷ್ಟೇ ಬೇಕಾದ ವಸ್ತು. ಆದರೆ ಅಪಾಯ ಇರುವುದೂ ಅಲ್ಲೇ. 2005ರಲ್ಲಿ ಅಮೆರಿಕದ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಒಂದು ಅಧ್ಯಯನ ಪ್ರಕಟಿಸಿದರು. ಬೇರೆ ಬೇರೆ ವಯಸ್ಸಿನವರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು, ಕೆಲವರಿಗೆ ಒಬ್ಬರೇ ಇದ್ದಾಗ, ಕೆಲವರಿಗೆ ಗೆಳೆಯರು ನೋಡುತ್ತಿದ್ದಾಗ. ಗೆಳೆಯರು ಇದ್ದಾಗ ಹರೆಯದವರು ಮತ್ತು ಇಪ್ಪತ್ತರ ಆಸುಪಾಸಿನವರು ಜಾಸ್ತಿ ಅಪಾಯಕ್ಕೆ ಕೈ ಹಾಕಿದರು. ದೊಡ್ಡವರಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಸದ್ದು ಮಾಡುವ, ನೆಲಕ್ಕೆ ಕೂತ ಕಾರು ಗೆಳೆಯರ ಕಣ್ಣನ್ನು ದಿನವೂ ಜೊತೆಗೆ ಕರೆದುಕೊಂಡು ಬರುತ್ತದೆ. "ಒಂದ್ಸಲ ಎಳಿಯೋ" ಎನ್ನುವವರು ಹಿಂದಿನ ಸೀಟಿನಲ್ಲಿ ಕೂತಿರುತ್ತಾರೆ.

ಮಾಡಿಸು ಅಂತಲೂ ಬೇಡ ಅಂತಲೂ ನಾನು ಆ ದಿನ ಹೇಳಲಿಲ್ಲ. ಮೆಕ್ಯಾನಿಕಲ್ ಓದುವ ಹುಡುಗ, ಲೆಕ್ಕ ಗೊತ್ತಿದೆ. ಪಟ್ಟಿಯ ಒಂದೊಂದರ ಮುಂದೆಯೂ ಬರೆದುಕೊಂಡು ಬಾ ಎಂದೆ: ಇದರಿಂದ ಕಾರಿನಲ್ಲಿ ಕೂತವರಿಗೆ ಏನಾಗುತ್ತದೆ, ಎದುರು ಬರುವವರಿಗೆ ಏನಾಗುತ್ತದೆ, ಬೇಡ ಅನಿಸಿದರೆ ಮೊದಲಿನಂತೆ ಮಾಡಲು ಆಗುತ್ತಾ. ಜೊತೆಗೆ ಕಾರಿನ ಟೈರ್ ಯಾವ ವರ್ಷದ್ದು ನೋಡಿಕೊಂಡು ಬರಲು ಹೇಳಿದೆ. ಟೈರಿನ ಬದಿಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ.

ಅವನು ಬರೆದುಕೊಂಡು ಬಂದಿದ್ದನ್ನು ಈಗಲೂ ಇಟ್ಟುಕೊಂಡಿದ್ದೇನೆ, ಅಷ್ಟು ಚೆನ್ನಾಗಿತ್ತು.

ಅವನ ಕಾರಿಗೆ ಕಂಪನಿ ಕೊಟ್ಟ ಟೈರ್ 165/80 ಆರ್14, ಅಂದರೆ 165 ಮಿಲಿಮೀಟರ್ ಅಗಲ, ಆ ಅಗಲದ 80% ಎತ್ತರದ ಗೋಡೆ, 14 ಇಂಚಿನ ರಿಮ್ (ಟೈರ್ ಕೂರುವ ಲೋಹದ ಚಕ್ರ). ರಿಮ್ಮಿನಿಂದ ರಸ್ತೆಯವರೆಗೆ ರಬ್ಬರಿನ ಗೋಡೆ 132 ಮಿಲಿಮೀಟರ್. ಅವನಿಗೆ ಬೇಕಿದ್ದ 205/50 ಆರ್16ರಲ್ಲಿ ಅದು 102.5. ಚಕ್ರದ ಒಟ್ಟು ಎತ್ತರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಗುಂಡಿಯ ಏಟು ತಡೆಯುವ ರಬ್ಬರ್ ಮಾತ್ರ ಮೂರು ಸೆಂಟಿಮೀಟರ್ ಕಡಿಮೆ. ನಮ್ಮ ರಸ್ತೆಯಲ್ಲಿ ಮಳೆಗಾಲದ ನೀರು ನಿಂತ ಗುಂಡಿಗೆ ಬಿದ್ದರೆ ರಿಮ್ ಸೀಳುತ್ತದೆ ಎಂದು ತಾನೇ ಬರೆದಿದ್ದ. ಸ್ಪ್ರಿಂಗ್ ಹಾಕಿದರೆ ಕಾರು 4 ಸೆಂಟಿಮೀಟರ್ ಇಳಿಯುತ್ತದೆ. ರಸ್ತೆಗಳಿಗೆ ಮಾನದಂಡ ಹಾಕಿಕೊಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪಿನ ಎತ್ತರ 10 ಸೆಂಟಿಮೀಟರ್, ಅದೂ 3.7 ಮೀಟರ್ ಅಗಲದ ನಿಧಾನದ ಉಬ್ಬು. ನಮ್ಮ ಊರುಗಳಲ್ಲಿ ಜನರೇ ಹಾಕಿಕೊಂಡ ಹಂಪುಗಳಿಗೆ ಆ ಲೆಕ್ಕವೇ ಇಲ್ಲ. ನಾಲ್ಕು ಜನ ಕೂತರೆ ತಳ ಉಜ್ಜುವುದು ಖಂಡಿತ. ಅದರ ಕೆಳಗೆ ಇನ್ನೊಂದು ಸಾಲು: "ಅಜ್ಜಿಗೆ ಹತ್ತಕ್ಕಾಗಲ್ಲ." ಅಜ್ಜಿಯ ಮೊಣಕಾಲಿಗೆ ಫಿಸಿಯೋಥೆರಪಿ ನಡೀತಿತ್ತು. ಕರೆದುಕೊಂಡು ಹೋಗುತ್ತಿದ್ದವನು ಇವನೇ. ನೆಲಕ್ಕೆ ಇಳಿದ ಸೀಟಿನಿಂದ ಅವರು ಎದ್ದು ಬರುವುದು ಹೇಗೆ? ಯಾರೂ ಹೇಳಿಕೊಡದೆ ಅವನಿಗೆ ಹೊಳೆದ ಮಾತು ಇದು.

ಬಲ್ಬಿನ ವಿಷಯ ಅವನಿಗೆ ಹೊಸದು. ಕಾರಿನಲ್ಲಿದ್ದ ಎಚ್4 ಮಾದರಿಯ ಬಲ್ಬ್ 60/55 ವ್ಯಾಟ್, ಅಂದರೆ ಹೈಬೀಮಿಗೆ 60, ಲೋಬೀಮಿಗೆ 55. 12 ವೋಲ್ಟಿನಲ್ಲಿ 60 ವ್ಯಾಟ್ ಅಂದರೆ 5 ಆಂಪಿಯರ್, 100 ವ್ಯಾಟ್ ಅಂದರೆ 8ಕ್ಕಿಂತ ಜಾಸ್ತಿ. ಕಂಪನಿ ಹಾಕಿದ ವೈರು, ಸ್ವಿಚ್ಚು, ಬಲ್ಬ್ ಹೋಲ್ಡರು ಅಷ್ಟನ್ನು ತಡೆಯಲು ಮಾಡಿದ್ದಲ್ಲ. ಬಿಸಿಯಾಗುತ್ತವೆ, ಕರಗುತ್ತವೆ. ಎದುರಿನಿಂದ ಬೈಕಿನಲ್ಲಿ ಬರುವವನಿಗೆ ಎರಡು ಕ್ಷಣ ಏನೂ ಕಾಣುವುದಿಲ್ಲ. ಕಪ್ಪು ಫಿಲ್ಮ್ ಇದರ ಜೋಡಿ: ಹಗಲು ಸ್ಟೈಲು, ರಾತ್ರಿ ಮಳೆಯಲ್ಲಿ ಪಕ್ಕದ ಕನ್ನಡಿಯೇ ಕಾಣದು. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ 70%, ಪಕ್ಕದ ಗಾಜಿನಲ್ಲಿ 50% ಬೆಳಕು ದಾಟಬೇಕು ಎನ್ನುವ ನಿಯಮ ಇರುವುದೇ ಈ ಕಾರಣಕ್ಕೆ.

ಟೈರಿನ ಮೇಲೆ ಇದ್ದ ಅಂಕಿ 2316. ಅಂದರೆ 2016ರ ಇಪ್ಪತ್ಮೂರನೇ ವಾರ. ಎಂಟು ವರ್ಷಕ್ಕೂ ಹಳೆಯದು. ಗಟ್ಟಿಯಾಗಿ ಬದಿಯಲ್ಲಿ ಬಿರುಕು ಬಿಟ್ಟಿದ್ದವು. ಆ ಟೈರಿನಲ್ಲಿ, ಎಬಿಎಸ್ ಇಲ್ಲದ ಕಾರಿನಲ್ಲಿ, ಹುಡುಗ ಅಜ್ಜಿಯನ್ನು ಕೂರಿಸಿಕೊಂಡು ಮಳೆಯಲ್ಲಿ ಓಡಾಡುತ್ತಿದ್ದ. ಮಾಡಿಫಿಕೇಶನ್ ಬೇಡ ಎಂದು ಕೂಗಾಡಿದ ಅಪ್ಪನೂ ಇದನ್ನು ನೋಡಿರಲಿಲ್ಲ.

ಅಪ್ಪನ ಜೊತೆ ಮಾತು ಕಷ್ಟವಾಗಿತ್ತು. "ಬೇಡ ಅಂದ್ಮೇಲೆ ಬೇಡ, ಇದರಲ್ಲಿ ಮಾತಾಡೋಕೆ ಏನಿದೆ" ಎಂಬುದು ಅವರ ನಿಲುವು. ಬೇಡ ಎನ್ನುವುದರಲ್ಲಿ ನಾನೂ ಮುಕ್ಕಾಲು ಪಾಲು ಅವರ ಜೊತೆಗಿದ್ದೆ. ಆದರೆ ಕಾರಣ ಹೇಳದ ಬೇಡಕ್ಕೆ ಮಕ್ಕಳು ಹುಡುಕಿಕೊಳ್ಳುವ ದಾರಿ ಮಂಚದ ಕೆಳಗಿನ ಪಾರ್ಸೆಲ್ಲೇ. ಗುಟ್ಟಾಗಿ ಮಾಡಿಸಿದ ಕೆಲಸ ಅಗ್ಗದ ಜಾಗದಲ್ಲಿ, ಅರ್ಧಂಬರ್ಧ ಆಗುತ್ತದೆ. ಅದು ಇನ್ನೂ ಕೆಟ್ಟದ್ದು.

ನಾನು ಅವರಿಗೆ ಕಾನೂನು ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟು ಆರ್‌ಸಿಯಲ್ಲಿ ದಾಖಲಾದ ವಿವರಕ್ಕೆ ವ್ಯತ್ಯಾಸ ಬರುವಂತೆ ಮಾಲೀಕ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ, ಕೇರಳದ ಒಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸದ್ದಿನ ಎಕ್ಸಾಸ್ಟಿಗೆ 190ನೇ ಸೆಕ್ಷನ್ ಬೇರೆ: 10,000 ರೂಪಾಯಿವರೆಗೆ ದಂಡ, ಮೂರು ತಿಂಗಳು ಡಿಎಲ್ ಕಳೆದುಕೊಳ್ಳುವ ಭಯ. 182ಎ ಹಿಡಿಯುವುದು ಓಡಿಸಿದವರನ್ನಲ್ಲ, ಮಾಲೀಕರನ್ನು. ಆರ್‌ಸಿ ಇದ್ದಿದ್ದು ಅಪ್ಪನ ಹೆಸರಲ್ಲಿ. ವಿಮೆಯೂ ಅವರ ಹೆಸರಲ್ಲೇ. ವಿಮಾ ಕಂಪನಿಗೆ ತಿಳಿಸದೆ ಕಾರು ಬದಲಿಸಿದರೆ ಕ್ಲೈಮ್ ಸಮಯದಲ್ಲಿ ತಕರಾರು ಬರುತ್ತದೆ.

ಇದನ್ನು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದು. ಮಗನ ಮುಖ ಬದಲಾಗಿದ್ದು ಆಗಲೇ. ದಂಡ ತನಗೆ ಬೀಳುತ್ತದೆ, ಕಟ್ಟಿಬಿಡೋಣ ಎಂದುಕೊಂಡಿದ್ದನಂತೆ. ಅಪ್ಪ ಸ್ಟೇಷನ್ನಿಗೆ ಹೋಗಬೇಕಾದೀತು ಎಂಬ ಯೋಚನೆಯೇ ಅವನಿಗೆ ಬಂದಿರಲಿಲ್ಲ.

ಸಲಹೆ ಹೀಗಿತ್ತು. ಒಂದು ವರ್ಷ ಕಾರಿನ ಓಟ, ನಿಲುವು, ಬೆಳಕಿಗೆ ಸಂಬಂಧಿಸಿದ ಯಾವುದನ್ನೂ ಮುಟ್ಟಬಾರದು. ಹೊಸಬನಿಗೆ ಬ್ರೇಕ್ ಎಷ್ಟು ದೂರದಲ್ಲಿ ಹಿಡಿಯುತ್ತದೆ, ತಿರುವಿನಲ್ಲಿ ಕಾರು ಎಷ್ಟು ವಾಲುತ್ತದೆ, ನೀರಿನ ಮೇಲೆ ಚಕ್ರ ಯಾವಾಗ ಜಾರುತ್ತದೆ ಎಂಬುದು ಮೈಗೆ ಹತ್ತಬೇಕು. ಡಿಎಲ್ ಪರೀಕ್ಷೆಯಲ್ಲಿ ರಾತ್ರಿಯೂ ಇಲ್ಲ, ಮಳೆಯೂ ಇಲ್ಲ, ಘಾಟಿಯೂ ಇಲ್ಲ. ಕಂಪನಿ ಮಾಡಿದ ಕಾರಿನ ಗುಣವೇ ಗೊತ್ತಿಲ್ಲದಾಗ ಅದನ್ನು ಬದಲಿಸಿದರೆ ಏನು ಕೆಟ್ಟಿತು ಎಂದು ತಿಳಿಯುವುದೇ ಇಲ್ಲ.

ಕೂಡಿಟ್ಟ ದುಡ್ಡಿನಿಂದ ಮೊದಲು ನಾಲ್ಕು ಹೊಸ ಟೈರ್, ಬ್ರೇಕ್ ಪ್ಯಾಡ್, ವೈಪರ್. ಅರ್ಧ ಖರ್ಚು ಅಪ್ಪನದು. ಇದರಲ್ಲಿ ನಾನು ಬಿಡದೆ ಒತ್ತಾಯ ಮಾಡಿದೆ. ಕಾರು ಕೊಟ್ಟವರು ಟೈರ್ ಕೊಡಬೇಕಲ್ವಾ?

ಸ್ಟೀರಿಯೊ ಹಾಕಿಸಲಿ ಎಂದೆ. ಆದರೆ ವೈರ್ ಕತ್ತರಿಸದೆ, ಆ ಮಾದರಿಗೇ ಸಿಗುವ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಳಸಿ. ರಿವರ್ಸ್ ಕ್ಯಾಮೆರಾ, ಸೀಟ್ ಕವರ್, ಅವನ ಇಷ್ಟದ ಸ್ಟಿಕ್ಕರ್, ಎಲ್ಲಕ್ಕೂ ಸರಿ ಎಂದೆ. ಡ್ರೈವರ್ ಕಡೆಯ ಮ್ಯಾಟ್ ಮಾತ್ರ ಜಾರಿ ಪೆಡಲ್ ಕೆಳಗೆ ಹೋಗದಂತೆ ಕೊಕ್ಕೆ ಇರುವುದೇ ಬೇಕು. ಅಲಾಯ್ ಬೇಕೇ ಬೇಕೆಂದರೆ ವರ್ಷ ಕಳೆದ ಮೇಲೆ, ಅದೇ ಕಾರಿನ ದುಬಾರಿ ಮಾದರಿಗೆ ಕಂಪನಿಯೇ ಕೊಟ್ಟಿದ್ದ 15 ಇಂಚಿನದು. ಸ್ಪ್ರಿಂಗ್, ಎಕ್ಸಾಸ್ಟ್, ದೊಡ್ಡ ಬಲ್ಬ್, ಫಿಲ್ಮ್ ಈಗಲೂ ಇಲ್ಲ, ಮುಂದಿನ ವರ್ಷವೂ ಇಲ್ಲ. ಇಷ್ಟನ್ನು ಮೆತ್ತಗೆ ಹೇಳಲಿಲ್ಲ.

ಅಪ್ಪನಿಗೆ ಕೊಟ್ಟ ಕೆಲಸ ಬೇರೆ. ಅವರು ಒಂದು ಸಲವೂ ಮಗ ಓಡಿಸುವಾಗ ಪಕ್ಕದಲ್ಲಿ ಕೂತಿರಲಿಲ್ಲ. ವಾರಕ್ಕೊಮ್ಮೆ ಕೂರಿ, ಕತ್ತಲಲ್ಲಿ, ಮಳೆಯಲ್ಲಿ, ಹೈವೇಯಲ್ಲಿ ಎಂದೆ. ಬಾಯಿ ಮುಚ್ಚಿಕೊಂಡು ಕೂರಿ, ತಪ್ಪನ್ನು ಮನೆಗೆ ಬಂದ ಮೇಲೆ ಹೇಳಿ. ನೆಂಟರ ಮುಂದೆ ಅವನ ಕಾರಿನ ಹುಚ್ಚನ್ನು ಆಡಿಕೊಳ್ಳಬೇಡಿ. ಸರ್ವೀಸ್ ಪುಸ್ತಕ, ವಿಮೆಯ ಕಾಗದ ಅವನ ಕೈಗೆ ಕೊಡಿ. ಹುಡುಗನಿಗೂ ಒಂದು ಷರತ್ತು: ಮೊದಲ ಆರು ತಿಂಗಳು ರಾತ್ರಿ ಹೊತ್ತು ಗೆಳೆಯರನ್ನು ತುಂಬಿಕೊಂಡು ಹೋಗುವಂತಿಲ್ಲ, ಹಿಂದೆ ಕೂತವರಿಗೂ ಬೆಲ್ಟ್.

ಅವನ ಆಸೆಯನ್ನು ಸಾಯಿಸುವುದು ನನಗೆ ಬೇಕಿರಲಿಲ್ಲ. ಕೈಯಲ್ಲಿ ಕಸುಬು ಇರುವ ಹುಡುಗ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ರ‍್ಯಾಲಿಯ ಕಾರುಗಳನ್ನು ನೋಡಿದ್ದೀಯಾ ಎಂದು ಕೇಳಿದೆ. ನೋಡಿದ್ದ. ಆ ಕಾರುಗಳಲ್ಲಿ ಡ್ರೈವರನ್ನು ಉಳಿಸಲು ರೋಲ್ ಕೇಜ್ (ಕಾರು ಪಲ್ಟಿಯಾದರೆ ಕಾಪಾಡುವ ಉಕ್ಕಿನ ಪಂಜರ), ಹೆಗಲಿಗೂ ಸೊಂಟಕ್ಕೂ ಬಿಗಿಯುವ ಬೆಲ್ಟ್, ಬೆಂಕಿ ಆರಿಸುವ ಸಾಧನ ಇಲ್ಲದೆ ಸ್ಟಾರ್ಟ್ ಲೈನಿಗೇ ಬಿಡುವುದಿಲ್ಲ. ಅದು ಮಾಡಿಫಿಕೇಶನ್. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ, ಅಂದರೆ ನೇರ ಎರಡನೇ ವರ್ಷಕ್ಕೆ, ಇಂಜಿನಿಯರಿಂಗ್ ಸೇರಿದರೆ ಬಾಹಾ ಎಸ್‌ಎಇ ಇಂಡಿಯಾ, ಫಾರ್ಮುಲಾ ಭಾರತ್ ಥರದ ಸ್ಪರ್ಧೆಗಳಿವೆ. ವಿದ್ಯಾರ್ಥಿಗಳೇ ವಾಹನ ಮಾಡಿ, ತಪಾಸಣೆ ದಾಟಿಸಿ ಓಡಿಸುತ್ತಾರೆ. ಹುಡುಗ ಇದನ್ನು ಕೇಳಿಸಿಕೊಂಡ ರೀತಿ ಬೇರೆಯೇ ಇತ್ತು.

ಸ್ಪ್ರಿಂಗ್‌ಗಳನ್ನು ಅವನೇ ವಾಪಸ್ ಮಾರಿದ, ಸ್ವಲ್ಪ ನಷ್ಟದಲ್ಲಿ. ಟೈರ್ ಬಂದವು, ಸ್ಟೀರಿಯೊ ಬಂತು. "ಅಂಕಲ್ ಕಾರು" ಎನ್ನುವುದು ನಿಂತಿಲ್ಲ ಎಂದು ಹೇಳಿದ. ಈಗ ಅದನ್ನೇ ಸ್ಟಿಕ್ಕರ್ ಮಾಡಿಸಿ ಹಿಂದಿನ ಗಾಜಿನ ಕೆಳಗೆ ಡಿಕ್ಕಿಗೆ ಅಂಟಿಸಿದ್ದಾನೆ, ಕಾಲೇಜಿನಲ್ಲಿ ಅದು ಚೆನ್ನಾಗಿ ನಡೆಯುತ್ತಿದೆಯಂತೆ. ಅಪ್ಪ ಪಕ್ಕದಲ್ಲಿ ಕೂರುವುದು ಮೊದಲ ತಿಂಗಳು ಸರಿಯಾಗಿ ನಡೆದು ಆಮೇಲೆ ಸಡಿಲವಾಯಿತು. ಮತ್ತೆ ಶುರು ಮಾಡಿ ಎಂದು ಫೋನ್ ಮಾಡಿ ಹೇಳಿದ್ದೇನೆ. 15 ಇಂಚಿನ ಅಲಾಯ್ ಮಾತು ಇನ್ನೂ ಬಾಕಿ ಇದೆ. ಅದನ್ನು ನನ್ನ ಹತ್ತಿರ ತರಬೇಡಿ, ವಿಮಾ ಕಂಪನಿಗೆ ಮೊದಲು ಕೇಳಿ, ಆಮೇಲೆ ಊಟಕ್ಕೆ ಕೂತಾಗ ಇಬ್ಬರೇ ತೀರ್ಮಾನ ಮಾಡಿ ಎಂದಿದ್ದೇನೆ.