ತಾವರೆ ಟಬ್ಬಿಗೂ ಟೊಮೇಟೊ ಎಲೆಗೂ ಒಂದೇ ಔಷಧವೇ?

ಮೇಡಂ, ನಿಮ್ಮ ಎರಡೂ ಫೋಟೊ ನೋಡಿದೆ. ತಾರಸಿಯ ತಾವರೆ ಟಬ್ಬಿನ ನೀರು ಹೆಸರುಕಾಳು ರುಬ್ಬಿದ ಬಣ್ಣಕ್ಕೆ ತಿರುಗಿದೆ, ಮಗನ ಸೂಕ್ಷ್ಮದರ್ಶಕದಲ್ಲಿ ಹಸಿರು ಚುಕ್ಕೆಗಳು ಈಜುತ್ತಿವೆ, ಪಕ್ಕದ ಕುಂಡದ ಟೊಮೇಟೊ ಎಲೆ ಕಪ್ಪಾಗುತ್ತಿದೆ. ಇವು ಗಿಡವೋ ಪ್ರಾಣಿಯೋ ಶಿಲೀಂಧ್ರವೋ ಎಂದು ಕೇಳಿದ್ದೀರಿ. ಮೇಲಿನ ಪ್ರತಿಕ್ರಿಯೆಯಲ್ಲಿ ಒಬ್ಬರು ಎರಡಕ್ಕೂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಹಾಕಿ ಎಂದಿದ್ದಾರೆ. ದಯವಿಟ್ಟು ಹಾಕಬೇಡಿ.

ನನ್ನ ಅಂದಾಜು ಸರಿಯಿದ್ದರೆ ಎರಡೂ ಆ ಮೂರರಲ್ಲಿ ಯಾವುದೂ ಅಲ್ಲ, ಪ್ರೋಟಿಸ್ಟುಗಳು. ಕೋಶದೊಳಗೆ ಸರಿಯಾದ ಕೋಶಕೇಂದ್ರ ಇರುತ್ತದೆ, ಆದ್ದರಿಂದ ಬ್ಯಾಕ್ಟೀರಿಯಾ ಅಲ್ಲ. ಹೆಚ್ಚಿನವು ಒಂದೇ ಕೋಶದವು. ಕೆಲವು ಬಿಸಿಲಿನಲ್ಲಿ ಆಹಾರ ತಯಾರಿಸುತ್ತವೆ, ಕೆಲವು ಬೇಟೆಯಾಡುತ್ತವೆ, ಕೆಲವು ಇನ್ನೊಂದರ ಮೈಮೇಲೆ ಬದುಕುತ್ತವೆ. ಮನೆಯ ಸಾಮಾನನ್ನೆಲ್ಲ ಜೋಡಿಸಿದ ಮೇಲೆ ಎಲ್ಲಿಯೂ ಸೇರದ್ದನ್ನು ಅಟ್ಟಕ್ಕೆ ಹಾಕುತ್ತೇವಲ್ಲ, ಪ್ರೋಟಿಸ್ಟಾ ಎಂಬುದು ಅಂಥ ಅಟ್ಟ. 1866ರಲ್ಲಿ ಜರ್ಮನ್ ಜೀವವಿಜ್ಞಾನಿ ಹೆಕೆಲ್ ಅದನ್ನು ಕಟ್ಟಿದಾಗ ಬ್ಯಾಕ್ಟೀರಿಯಾಗಳನ್ನೂ ಅಲ್ಲಿಗೇ ತುಂಬಿದ್ದ. 1969ರಲ್ಲಿ ಅಮೆರಿಕದ ವಿಟೇಕರ್ ಜೀವಿಗಳನ್ನೆಲ್ಲ ಐದು ಸಾಮ್ರಾಜ್ಯಗಳಾಗಿ, ಅಂದರೆ ದೊಡ್ಡ ಗುಂಪುಗಳಾಗಿ, ಪಟ್ಟಿ ಮಾಡಿದಾಗ ಬ್ಯಾಕ್ಟೀರಿಯಾ ಬೇರೆಯಾದವು, ಅಟ್ಟ ಉಳಿಯಿತು.

ಶಾಲೆಯಲ್ಲಿ ನಾವು ಕಲಿತದ್ದು ಚಲನೆಯ ಲೆಕ್ಕ: ಮಿಥ್ಯಾಪಾದ ಚಾಚಿ ಹರಿಯುವ ಅಮೀಬಾ, ಚಾಟಿಯಂಥ ಕಶಾಂಗ ಬೀಸುವ ಯೂಗ್ಲೀನಾ, ಮೈತುಂಬ ಸಣ್ಣ ಕೂದಲಿನಂಥ ಲೋಮಾಂಗವಿರುವ ಪ್ಯಾರಮೀಸಿಯಂ, ಇನ್ನೊಂದು ಜೀವಿಯೊಳಗೆ ಬದುಕುವ ಮಲೇರಿಯಾದ ಪ್ಲಾಸ್ಮೋಡಿಯಂ. ಮನೆಯಲ್ಲಿ ಗುರುತಿಸುವುದಕ್ಕೆ ಇಂದಿಗೂ ಇದೇ ಸಲೀಸು. ಆದರೆ ಡಿಎನ್ಎ ಹೋಲಿಸಿದ ಮೇಲೆ ನಂಟಸ್ತಿಕೆ ಬುಡಮೇಲಾಯಿತು. ಪ್ಲಾಸ್ಮೋಡಿಯಂ ಮತ್ತು ಪ್ಯಾರಮೀಸಿಯಂ ದಾಯಾದಿಗಳಂತೆ. ಅಮೀಬಾ ಪ್ಯಾರಮೀಸಿಯಂಗಿಂತ ನಮಗೇ ಹತ್ತಿರವಂತೆ! ಮೂವತ್ತು ವರ್ಷ ಕಾಲೇಜಿನ ಪ್ರಯೋಗಾಲಯದಲ್ಲಿ ಇವೆರಡರ ಸ್ಲೈಡುಗಳನ್ನು ಒಂದೇ ಡಬ್ಬಿಯಲ್ಲಿ ಜೋಡಿಸಿಟ್ಟವನು ನಾನು.

ಈಗ ಟಬ್ಬು. ಒಂದು ಹನಿಗೆ ಹತ್ತಿಯ ನಾಲ್ಕು ಎಳೆ ಬಿಡಿಸಿ ಹಾಕಿ, ಮೇಲೆ ಗಾಜಿನ ಚೂರು ಮುಚ್ಚಿ. ಎಳೆಗಳ ನಡುವೆ ಸಿಕ್ಕಿ ಅವುಗಳ ಓಟ ನಿಧಾನವಾಗುತ್ತದೆ. ಉದ್ದಕ್ಕಿದ್ದು, ಜಿಗಣೆಯ ಹಾಗೆ ಉಬ್ಬಿ ಕುಗ್ಗಿ ಆಕಾರ ಬದಲಿಸುತ್ತ, ಮುಂತುದಿಯಲ್ಲಿ ಒಂದು ಕೆಂಪು ಚುಕ್ಕೆ ಕಂಡರೆ ಯೂಗ್ಲೀನಾ. ಆ ಚುಕ್ಕೆಯ ನೆರವಿನಿಂದ ಅದು ಬೆಳಕಿನ ದಿಕ್ಕು ಹಿಡಿಯುತ್ತದೆ. ಬೆಳಕಿದ್ದರೆ ಗಿಡದಂತೆ ಆಹಾರ ತಯಾರಿಸುತ್ತದೆ, ಕತ್ತಲಾದರೆ ನೀರಿನಲ್ಲಿ ಕರಗಿದ ಸಾವಯವ ಸತ್ವ ಹೀರಿ ದಿನ ದೂಡುತ್ತದೆ. ಆಕಾರ ಬದಲಿಸದ ದುಂಡನೆಯದಾದರೆ ಕ್ಲಾಮಿಡೋಮೋನಾಸ್ ಎಂಬ ಇನ್ನೊಂದು ಹಸಿರು ಪ್ರೋಟಿಸ್ಟ್ ಇರಬಹುದು. ಚಲನೆಯೇ ಇಲ್ಲದೆ ನೀರಿನ ಮೇಲೆ ನೀಲಿ-ಹಸಿರು ಬಣ್ಣ ಚೆಲ್ಲಿದಂತೆ ಕೆನೆಗಟ್ಟಿ ವಾಸನೆ ಬಂದರೆ ಮಾತ್ರ ಅದು ಬೇರೆ ಕಥೆ, ಸೈನೋಬ್ಯಾಕ್ಟೀರಿಯಾ. ಆ ನೀರಿಗೆ ಕೈ ಹಾಕಬೇಡಿ.

ಈಜುವ ಹಸಿರಿಗೆ ಔಷಧ ಬೇಕಿಲ್ಲ. ಬಿಸಿಲೂ ಗೊಬ್ಬರವೂ ಹೆಚ್ಚಾಗಿವೆ, ಅಷ್ಟೆ. ಹಿಂಡಿ ಹಾಕುವುದನ್ನು ನಿಲ್ಲಿಸಿ. ತಾವರೆ ಎಲೆ ಹರಡುವವರೆಗೆ ನೀರಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಅಜೋಲಾ ಹಾಕಿ ಮುಚ್ಚಿ. ಪೂರ್ತಿ ನೀರು ಚೆಲ್ಲಿ ಹೊಸದು ತುಂಬಿದರೆ ಮಣ್ಣಿನ ಸತ್ವ ಮತ್ತೆ ಬಿಟ್ಟುಕೊಂಡು ವಾರ ಕಳೆಯುವುದರೊಳಗೆ ಹಸಿರಾಗುತ್ತದೆ, ಕಾವೇರಿ ನೀರೂ ದಂಡ.

ಟೊಮೇಟೊ ವಿಷಯಕ್ಕೆ ಆತುರ ಬೇಕು. ಹೋದ ಮಳೆಗಾಲ ನನ್ನ ಹನ್ನೆರಡು ಗಿಡಗಳಿಗೂ ಇದೇ ಬಂತು. ಅಂಗಡಿಯವನ ಮಾತು ಕೇಳಿ ಕಾರ್ಬೆಂಡಜಿಮ್ ಹೊಡೆದೆ. ಐದನೆಯ ದಿನ ಕಾಯಿಯೂ ಕಂದಾಗಿ ಎಲ್ಲವನ್ನೂ ಕಿತ್ತೆ. ತಪ್ಪು ನನ್ನದೇ. ಇದು ಫೈಟಾಫ್ತೊರಾ, 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಸಿದ ಜೀವಿ. ನೋಡಲು ಬೂಷ್ಟಿನ ಹಾಗಿದ್ದರೂ ಶಿಲೀಂಧ್ರವಲ್ಲ; ಕೋಶದ ಗೋಡೆಯಲ್ಲಿ ಗಿಡಗಳಂತೆ ಸೆಲ್ಯುಲೋಸ್ ಇದೆ, ನಂಟು ಸಮುದ್ರದ ಕಂದು ಪಾಚಿಯ ಕಡೆಗೆ. ಕಾರ್ಬೆಂಡಜಿಮ್ ಇದಕ್ಕೆ ನಾಟುವುದಿಲ್ಲ. ಇದರ ಬೀಜಕಗಳಿಗೆ ಕಶಾಂಗಗಳಿವೆ, ಎಲೆಯ ಮೇಲಿನ ನೀರಿನ ಪೊರೆಯಲ್ಲಿ ಈಜುತ್ತವೆ. ಸಂಜೆ ಎಲೆಗೆ ನೀರು ಚಿಮುಕಿಸುವುದು ಅವುಗಳಿಗೆ ದಾರಿ ಮಾಡಿಕೊಟ್ಟಂತೆ. ಮಲೆನಾಡಿನ ಅಡಿಕೆಯ ಕೊಳೆರೋಗವೂ ಇದೇ ಕುಲದ್ದು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಬರೆದರು. ತೋಟದವರು ಇಂದಿಗೂ ಮಳೆಗೆ ಮುಂಚೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ.

ಮೊದಲು ಖಚಿತ ಮಾಡಿಕೊಳ್ಳಿ. ಒಂದು ಎಲೆಯನ್ನು ಒದ್ದೆ ಕಾಗದದ ಜೊತೆ ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಮಚ್ಚೆಯ ಅಂಚಿಗೆ, ಎಲೆಯ ಅಡಿಯಲ್ಲಿ, ಬಿಳಿ ನವಿರು ಎದ್ದಿದ್ದರೆ ಅದೇ. ಮಚ್ಚೆಯಲ್ಲಿ ಉಂಗುರದೊಳಗೆ ಉಂಗುರ ಕಂಡರೆ ಅದು ಆಲ್ಟರ್ನೇರಿಯಾ, ನಿಜವಾದ ಶಿಲೀಂಧ್ರ.

ಕಪ್ಪಾದ ಎಲೆಗಳನ್ನು ಕಿತ್ತು ಚೀಲಕ್ಕೆ ಹಾಕಿ, ಕಾಂಪೋಸ್ಟಿಗೆ ಬೇಡ. ಉಳಿದ ಗಿಡಗಳಿಗೆ ಶೇಕಡಾ 1ರ ಬೋರ್ಡೋ: 10 ಗ್ರಾಂ ಮೈಲುತುತ್ತವನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ಅರ್ಧ ಲೀಟರ್ ನೀರಿಗೆ, 10 ಗ್ರಾಂ ಸುಣ್ಣವನ್ನು ಇನ್ನೊಂದರಲ್ಲಿ ಅರ್ಧ ಲೀಟರಿಗೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣಕ್ಕೆ ಕಲಕುತ್ತ ಸುರಿಯಿರಿ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ, ತಾಮ್ರದ ಕೆಂಪು ಹತ್ತಿದರೆ ಇನ್ನೂ ಸ್ವಲ್ಪ ಸುಣ್ಣ ಬೇಕು. ಅಂದೇ ಬಳಸಿ. ಮೊದಲು ಒಂದೇ ಕೊಂಬೆಗೆ ಹೊಡೆದು ಒಂದು ದಿನ ಕಾದು ನೋಡಿ. ಹೊಡೆಯುವಾಗ ತಾವರೆ ಟಬ್ಬಿಗೆ ಹಳೆಯ ಬೆಡ್‌ಶೀಟ್ ಹೊದಿಸಿ, ತಾಮ್ರ ಬಿದ್ದರೆ ಬಸವನಹುಳು, ಗಪ್ಪಿ ಎಲ್ಲ ಸಾಯುತ್ತವೆ. ಎಲೆಯ ಅಡಿಭಾಗದ ಫೋಟೊ ನಾಳೆ ಬೆಳಿಗ್ಗೆ ಇಲ್ಲಿಯೇ ಹಾಕಿ, ನೋಡುತ್ತೇನೆ.